ಮೂರನೇ ಪುಟದ ಆ ಒಂದು ಸಾಲು

ಹಾಸನ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಬ್ಯಾಂಕಿನಿಂದ ನಿವೃತ್ತರು. ಊರಲ್ಲಿ ತಾಯಿ ಬಾಳಿದ ತೊಟ್ಟಿಮನೆ ಖಾಲಿ ಬಿದ್ದಿದೆ. ಅಲ್ಲಿ ತಾಯಿಯ ಹೆಸರಲ್ಲಿ ಅನಾಥಾಶ್ರಮ ತೆರೆಯುವ ಆಸೆ. 'ಮೊದಲು ಶುರು ಮಾಡಿ ಭಾವ, ಲೈಸೆನ್ಸ್ ಆಮೇಲೆ ನೋಡ್ಕೊಳ್ಳೋಣ' ಅಂತ ಬಾಮೈದ ಬೋರ್ಡು ಬರೆಸಿ, ದೇಣಿಗೆ ರಸೀದಿ ಪುಸ್ತಕವನ್ನೂ ಅಚ್ಚು ಹಾಕಿಸಿದ್ದಾನಂತೆ. ಹೆಂಡತಿ ಮಾತ್ರ ಮುಖ ಗಂಟು ಹಾಕಿಕೊಂಡಿದ್ದಾರೆ. ಏನೇನು ಕಾಗದ ಬೇಕು, ಹೆಂಡತಿಯನ್ನು ಒಪ್ಪಿಸುವುದು ಹೇಗೆ ಅನ್ನೋದು ಪ್ರಶ್ನೆ.

ಸರ್, ನಾನು ನಿಂತಿದ್ದು ನಿಮ್ಮ ಪ್ರಶ್ನೆಯ ಹತ್ತಿರ ಅಲ್ಲ, ಮೂರನೇ ಪುಟದ ಒಂದು ಸಾಲಿನ ಹತ್ತಿರ. 'ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಎರಡು ಹೆಣ್ಣುಮಕ್ಕಳು ಯುಗಾದಿಯಿಂದ ನಮ್ಮಲ್ಲೇ ಇವೆ, ತಾಯಿ ಬೆಂಗಳೂರಲ್ಲಿ ಮನೆಗೆಲಸಕ್ಕೆ ಸೇರಿದ್ದಾಳೆ, ಭಾನುವಾರ ಫೋನ್ ಮಾಡ್ತಾಳೆ.'

ಭಾನುವಾರ ಫೋನ್ ಮಾಡುವ ತಾಯಿ ಇರುವ ಮಕ್ಕಳು ಯಾವ ಲೆಕ್ಕದಲ್ಲಿ ಅನಾಥರು? ಬಡತನ ಬೇರೆ, ಅನಾಥತನ ಬೇರೆ ಅಂತ ಈ ಅಂಕಣದಲ್ಲಿ ಬರೆದು ಬರೆದು ನನಗೇ ಸಾಕಾಗಿದೆ. 2015ರ ಬಾಲನ್ಯಾಯ ಕಾಯ್ದೆಯೂ ಅದನ್ನೇ ಹೇಳುತ್ತದೆ: ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ.

ಇನ್ನು ನಿಮ್ಮ ಬಾಮೈದನ ವಿಚಾರ. ನೋಂದಣಿ ಇಲ್ಲದೆ ಮಕ್ಕಳ ಪಾಲನಾ ಸಂಸ್ಥೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಎರಡೂ ಬೀಳಬಹುದು. ಅರ್ಜಿ ಹಾಕೋದು ತಡವಾದಷ್ಟೂ ಪ್ರತಿ 30 ದಿನ ಬೇರೆ ಅಪರಾಧ. ಆಗ ಠಾಣೆಯಲ್ಲಿ ಕೂರುವವರು ನೀವು, ರಸೀದಿ ಹರಿದು ಕಾಸು ಎಣಿಸಿದ ಭಾವಮೈದುನ ಅಲ್ಲ. ಆ ಬೋರ್ಡು ಇವತ್ತೇ ಕೆಳಗಿಳಿಸಿ. ರಸೀದಿ ಪುಸ್ತಕ ನೀರೊಲೆಗೆ ಹಾಕಿ.

ಕಾಗದಪತ್ರ ಕೇಳಿದ್ದೀರಿ, ಹೇಳ್ತೀನಿ. ಮೊದಲು ಟ್ರಸ್ಟ್ ಅಥವಾ ಸಂಘ ನೋಂದಾಯಿಸಬೇಕು. ಆಮೇಲೆ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸಂಸ್ಥೆಯ ನೋಂದಣಿ. ಸರ್ಕಾರದ ಅನುದಾನ ಬೇಡ ಅಂದರೂ ಇದು ತಪ್ಪಿದ್ದಲ್ಲ. ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಒಂದು ಸ್ನಾನದ ಮನೆ ಇರಬೇಕು. ಹೆಣ್ಣುಮಕ್ಕಳ ಗೃಹಕ್ಕೆ ಮಹಿಳಾ ಸಿಬ್ಬಂದಿಯೇ ಬೇಕು. ಹಿತ್ತಲಲ್ಲಿ ಒಂದೇ ಬಚ್ಚಲು ಇರುವ ಮನೆಯನ್ನು ತೋರಿಸಿದರೆ ನೋಂದಣಿ ಸಿಗೋದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಮಗು ನಿಮ್ಮಲ್ಲಿರಬೇಕು ಅಂತ ತೀರ್ಮಾನಿಸೋದು ಇದೇ ಕಾಯ್ದೆಯಡಿ ಜಿಲ್ಲೆಯಲ್ಲಿರುವ ಮಕ್ಕಳ ಕಲ್ಯಾಣ ಸಮಿತಿ. ನೀವಲ್ಲ, ಮಗುವಿನ ಕೈ ಹಿಡಿದು ತಂದುಬಿಡುವ ಪರಿಚಯದವರೂ ಅಲ್ಲ.

ಹೆಂಡತಿಯನ್ನು ಒಪ್ಪಿಸುವ ದಾರಿ ನನ್ನಲ್ಲಿಲ್ಲ, ಬೇಕಾಗಿಯೂ ಇಲ್ಲ. ಆ ಇಬ್ಬರ ತಲೆಯ ಹೇನು ತೆಗೆಯೋದು, ರಾತ್ರಿ ಒದ್ದೆಯಾದ ಚಾಪೆ ಬಿಸಿಲಿಗೆ ಹಾಕೋದು ಅವರೇ ಅಂತ ನೀವೇ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಕೆಲಸದ ಲೆಕ್ಕ ಗೊತ್ತಿರುವವರು ಅವರೊಬ್ಬರೇ. ಅವರ ಮಾತು ಕೇಳಿ.

ಆ ಮಕ್ಕಳ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ. ವಿಧವೆಯರ, ಗಂಡ ಬಿಟ್ಟುಹೋದವರ ಮಕ್ಕಳಿಗೆ ಮನೆಯಲ್ಲೇ ಬೆಳೆಯಲು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವ, ಅಂದರೆ ತಿಂಗಳ ನೆರವು ಇದೆ. ಅರ್ಹರಾದರೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯ ಕುಟುಂಬಕ್ಕೆ ವರ್ಷದ ಆದಾಯದ ಮಿತಿ 72,000. ಗಂಡ ಇದ್ದಾನೋ ಇಲ್ಲವೋ ನೀವು ಬರೆದಿಲ್ಲ. ಕೇಳಿಯೇ ಇಲ್ಲ ಅಂತ ಕಾಣುತ್ತೆ.

ಆಶ್ರಮದ ಮಾತು ಸದ್ಯಕ್ಕೆ ಬಿಡಿ. ನಾಳೆ ಬೆಳಿಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಬ್ಬರು ಮಕ್ಕಳು ನಿಮ್ಮಲ್ಲಿದ್ದಾರೆ ಅಂತ ಹೇಳಿ. ಕರೆದಾಗ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ. ತಾಯಿಗೆ ಬಸ್ ಚಾರ್ಜ್ ಕಳಿಸಿ ಕರೆಸಿಕೊಳ್ಳಿ. ಬಾಮೈದನನ್ನು ಮನೆಯಲ್ಲೇ ಬಿಟ್ಟು, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ.