ಅತಿನಟನೆ ಎಂಬ ಆರೋಪಕ್ಕೆ

“ನಿಮ್ಮ ಅಂಕಣ ಹೊಗಳಿತೆಂದು 1973ರ ‘ಥಿಯೇಟರ್ ಆಫ್ ಬ್ಲಡ್’ ಚಿತ್ರ ನೋಡಿದೆ. ಕೊಲೆಗೊಂದು ಕುಚೋದ್ಯ! ವಿನ್ಸೆಂಟ್ ಪ್ರೈಸ್ ಅವರದು ಮೊದಲಿನಿಂದ ಕೊನೆಯವರೆಗೆ ಬರೀ ಅತಿನಟನೆ. ಇದನ್ನು ಅಭಿನಯವೆಂದು ಒಪ್ಪಲಾರೆ.”
– ಒಬ್ಬ ಓದುಗರು, ಧಾರವಾಡ

ಮಾನ್ಯರೇ,

ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಕ್ಕಳಂತೆ ಸಾಕಿದ ಪೂಡ್ಲ್ ನಾಯಿಗಳನ್ನು ಪೈಯೊಳಗೆ ಬೇಯಿಸಿ, ಅವುಗಳ ಯಜಮಾನನಿಗೇ ತಿನ್ನಿಸುವ ದೃಶ್ಯ ಊಟದ ಹೊತ್ತಿಗೆ ನೋಡುವಂಥದ್ದಲ್ಲ. ನಿಮ್ಮ ಪರವಾಗಿ ಇಷ್ಟು ಸಾಕು.

ಇನ್ನು ಜಗಳ. ಪ್ರೈಸ್ ಇಲ್ಲಿ ವಹಿಸಿರುವುದು ಎಡ್ವರ್ಡ್ ಲಯನ್‌ಹಾರ್ಟ್ ಎಂಬ ಶೇಕ್ಸ್‌ಪಿಯರ್ ನಟನ ಪಾತ್ರ. ತನಗೇ ಸಲ್ಲಬೇಕೆಂದುಕೊಂಡಿದ್ದ ಪ್ರಶಸ್ತಿಯನ್ನು ಲಂಡನ್ನಿನ ವಿಮರ್ಶಕರು ಹೊಸಬನೊಬ್ಬನಿಗೆ ಕೊಟ್ಟಾಗ, ಅವರೆದುರೇ ಹ್ಯಾಮ್ಲೆಟ್‌ನ ಸ್ವಗತ ಹೇಳಿ ಥೇಮ್ಸ್ ನದಿಗೆ ಹಾರುತ್ತಾನೆ. ಸಾಯುವುದಿಲ್ಲ. ಒಬ್ಬೊಬ್ಬ ವಿಮರ್ಶಕನನ್ನೂ ಶೇಕ್ಸ್‌ಪಿಯರ್‌ನ ಒಂದೊಂದು ನಾಟಕದ ಪ್ರಕಾರ ಮುಗಿಸುತ್ತಾ ಬರುತ್ತಾನೆ. ಇಂಥವನನ್ನು ಮೆಲುದನಿಯಲ್ಲಿ, ಹುಬ್ಬು ಕೂಡ ಏರಿಸದೆ ಅಭಿನಯಿಸಬೇಕಿತ್ತೇ? ಅತಿಯಾಗಿ ನಟಿಸುವವನ ಪಾತ್ರವನ್ನು ಅಳತೆ ತಪ್ಪದೆ ನಟಿಸುವುದು ಎಷ್ಟು ಕಷ್ಟವೆಂದು ಯಾವ ಹವ್ಯಾಸಿ ತಂಡದವರನ್ನಾದರೂ ಕೇಳಿ ನೋಡಿ.

ಜೂಲಿಯಸ್ ಸೀಸರ್ ಮಾದರಿಯ ಮೊದಲ ಕೊಲೆಯನ್ನು ಇನ್ನೊಮ್ಮೆ ನೋಡಿ. ಹಾಳುಬಿದ್ದ ಕಟ್ಟಡದಲ್ಲಿ ಬೀದಿಪಾಲಾದ ಕುಡುಕರ ಗುಂಪು ವಿಮರ್ಶಕನನ್ನು ಇರಿಯುತ್ತದೆ. ಆತ ರಕ್ಷಣೆಗೆಂದು ನೋಡುವುದು ಪೊಲೀಸನ ಕಡೆಗೆ. ಆ ವೇಷದೊಳಗಿರುವವನೇ ಲಯನ್‌ಹಾರ್ಟ್. ಅಲ್ಲಿ ಹೆಣದ ಮುಂದೆ ಸೀಸರ್‌ನ ಗೆಳೆಯ ಆ್ಯಂಟನಿ ಆ ನಾಟಕದಲ್ಲಿ ಆಡುವ ಮಾತು ಹೇಳುವಾಗ ಪ್ರೈಸ್ ಪದ್ಯವನ್ನು ಗೇಲಿ ಮಾಡುವುದಿಲ್ಲ. ನಿಜವಾಗಿ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ನಮಗೆ ನಗು ಬರುತ್ತದೆ, ಅದರ ಬೆನ್ನಿಗೇ ಅಯ್ಯೋ ಪಾಪ ಎನಿಸುತ್ತದೆ. ಆ ಪಾಪ ಯಾರಿಗೆ, ಸತ್ತವನಿಗೋ ಕೊಂದವನಿಗೋ? ನನಗಂತೂ ಕೊಂದವನ ಮೇಲೆಯೇ ಕನಿಕರ. (ಸಂಪಾದಕನ ಕೆಲಸದಲ್ಲಿ ಹೀಗನ್ನುವುದು ಅಪಾಯಕಾರಿ ಎಂದು ಬಲ್ಲೆ.)

ನಿಮ್ಮ ಆರೋಪವೂ ಹೊಸದೇನಲ್ಲ. ಚಿತ್ರದ ಕೊನೆಯಲ್ಲಿ, ಹೊತ್ತಿ ಉರಿಯುವ ರಂಗಮಂದಿರದ ಮೇಲಿಂದ ಲಯನ್‌ಹಾರ್ಟ್ ಬಿದ್ದು ಸತ್ತಾಗ, ಬದುಕುಳಿದ ವಿಮರ್ಶಕ ಡೆವ್ಲಿನ್ ಹೇಳುವುದೂ ಅದನ್ನೇ: ಎಂದಿನಂತೆ ಅತಿನಟನೆ, ಆದರೆ ನಿರ್ಗಮಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು. ಅಷ್ಟು ಹೆಣ ಬಿದ್ದ ಮೇಲೂ ವಿಮರ್ಶೆ ನಿಲ್ಲಲಿಲ್ಲ ನೋಡಿ! ನಿಮ್ಮ ಪತ್ರದಲ್ಲಿ ಈ ವಾಕ್ಯದ ಮೊದಲರ್ಧ ಮಾತ್ರ ಇದೆ.

ಪ್ರೈಸ್ ಭಯಾನಕ ಚಿತ್ರಗಳಿಗೆ ದಾರಿತಪ್ಪಿ ಬಂದವರಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ಕಲೆಯ ಇತಿಹಾಸ ಕಲಿಯಲು ಲಂಡನ್ನಿಗೆ ಹೋಗಿ, 1935ರಲ್ಲಿ ಅಲ್ಲಿನ ರಂಗದ ಮೇಲೆ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಆಗಿ ಹೆಸರು ಮಾಡಿದವರು. ಆದರೂ ಆಸ್ಕರ್ ಪಟ್ಟಿಯಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಹೆದರಿಸುವವನಿಗೆ, ಅದರಲ್ಲೂ ನಗಿಸುತ್ತಾ ಹೆದರಿಸುವವನಿಗೆ, ಅಲ್ಲಿ ಮಣೆ ಹಾಕುವುದು ಅಪರೂಪ. ಹಾಗೆಂದು ಅವರು ಕೈಬರಿದಾಗಿ ಹೋದರೆನ್ನುವಂತಿಲ್ಲ. ಈ ಚಿತ್ರದಲ್ಲಿ ಕೇಶ ವಿನ್ಯಾಸಕನ ವೇಷ ಹಾಕಿ, ತಲೆಗೆ ಕರೆಂಟು ಹರಿಸಿ ಅವರು ಕೊಲ್ಲುವ ವಿಮರ್ಶಕಿಯ ಪಾತ್ರ ಮಾಡಿದ್ದ ಕೋರಲ್ ಬ್ರೌನ್ ಅವರನ್ನೇ ಮರುವರ್ಷ ಮದುವೆಯಾದರು.

ಅತಿನಟನೆಯೆಂದು ಮೂಗು ಮುರಿಯುವ ರೋಗ ನಮ್ಮಲ್ಲಿಯೂ ಇದೆ. ‘ಪ್ರಚಂಡ ರಾವಣ’ ನಾಟಕದಲ್ಲಿ ಗರ್ಜಿಸಿ ಬಂದ ವಜ್ರಮುನಿಯವರ ಕಂಠಕ್ಕೆ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆದರು, ಬಾಲ್ಕನಿಯವರು ‘ನಾಟಕದಂತಿದೆ’ ಎಂದರು. ನಾಟಕದಂತಿರುವುದು ಯಾವಾಗಿನಿಂದ ದೋಷವಾಯಿತು? ಈಗಿನ ನಾಯಕರ ಪಿಸುಮಾತು ಮುಂದಿನ ಸಾಲಿಗೇ ಕೇಳಿಸುವುದಿಲ್ಲ. ಅದಕ್ಕೆ ಸಹಜಾಭಿನಯವೆಂಬ ಸನ್ಮಾನ ಬೇರೆ. ಕನ್ನಡ ಚಿತ್ರಕ್ಕೂ ಕನ್ನಡದಲ್ಲೇ ಉಪಶೀರ್ಷಿಕೆ ಹಾಕಬೇಕಾದ ಕಾಲ ದೂರವಿಲ್ಲ.

ನಿಮ್ಮ ಬರವಣಿಗೆ ಖಡಕ್ಕಾಗಿದೆ, ಅಕ್ಷರವೂ ದುಂಡಾಗಿದೆ; ಇನ್ನಷ್ಟು ಬರೆಯಿರಿ. ಅಂದಹಾಗೆ, ನಿಮ್ಮ ಚಂದಾ ಈ ತಿಂಗಳಿಗೆ ಮುಗಿಯುತ್ತದೆಂದು ಕಚೇರಿಯವರು ನೆನಪಿಸಿದ್ದಾರೆ.

– ಸಂ.