ರೈಲಿನಲ್ಲಿ ಸಾಗುವ ವಿಮಾನದ ಒಡಲು

ಪ್ರಶ್ನೆ: ಬೋಯಿಂಗ್ 737 ವಿಮಾನದ ಒಡಲನ್ನು ಅಂತಿಮ ಜೋಡಣೆಯ ಕಾರ್ಖಾನೆಯಲ್ಲೇ ತಯಾರಿಸುತ್ತಾರೆಯೇ?

ಉತ್ತರ: ಇಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ, 2005ರಲ್ಲಿ ಬೋಯಿಂಗ್ ಮಾರಿದ ಬಳಿಕ ಸ್ಪಿರಿಟ್ ಏರೋಸಿಸ್ಟಮ್ಸ್ ಎಂಬ ಹೆಸರಿನಲ್ಲಿ ನಡೆದುಬಂದ ಕಾರ್ಖಾನೆಯಲ್ಲಿ, ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆಗಳನ್ನು ಒಳಗಿನ ಚೌಕಟ್ಟುಗಳಿಗೂ ಉದ್ದ ಪಟ್ಟಿಗಳಿಗೂ ರಿವೆಟ್ (ಎರಡು ಹಾಳೆಗಳನ್ನು ಶಾಶ್ವತವಾಗಿ ಹಿಡಿದಿಡುವ ಲೋಹದ ಮೊಳೆ) ಹೊಡೆದು ಬಿಗಿದು ಇಡೀ ಒಡಲನ್ನು ಸಿದ್ಧಪಡಿಸುತ್ತಾರೆ. ಅದು ರೈಲಿನಲ್ಲಿ ವಾಷಿಂಗ್ಟನ್ ರಾಜ್ಯದ ರೆಂಟನ್ ತಲುಪಿದ ಮೇಲೆ ರೆಕ್ಕೆ, ಎಂಜಿನ್‌ಗಳನ್ನು ಜೋಡಿಸಲಾಗುತ್ತದೆ. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ಒಡಲು ತುಸು ಹಿಗ್ಗಿ ಕುಗ್ಗುವುದರಿಂದ, ರಿವೆಟ್ ರಂಧ್ರದ ಅಂಚಿನಲ್ಲಿ ಉಳಿದ ಸಣ್ಣ ಗೀರು ಕೂಡ ಕ್ರಮೇಣ ಬಿರುಕಾಗಿ ಬೆಳೆಯಬಲ್ಲದು. ಆದಕಾರಣ ರಂಧ್ರ ಕೊರೆಯುವ ಕೆಲಸವನ್ನೇ ನಾನು ಇಲ್ಲಿನ ಅತ್ಯಂತ ಹೊಣೆಗಾರಿಕೆಯ ಕೆಲಸವೆಂದು ಭಾವಿಸುತ್ತೇನೆ. ಬೋಯಿಂಗ್‌ನ ಇನ್ನೊಂದು ವಿಮಾನವಾದ 787ರ ಮೂತಿಯ ಭಾಗವೂ ವಿಚಿಟಾದಲ್ಲೇ ತಯಾರಾಗುತ್ತದೆ. ಅದರಲ್ಲಿ ಹಾಳೆಗಳ ಬದಲು, ತಿರುಗುವ ಅಚ್ಚಿನ ಮೇಲೆ ರಾಳ ತುಂಬಿದ ಕಾರ್ಬನ್ ನಾರಿನ ಪಟ್ಟಿಗಳನ್ನು ಹಾಸಿ, ಒತ್ತಡ ಮತ್ತು ಶಾಖದಲ್ಲಿ ಗಟ್ಟಿಗೊಳಿಸುತ್ತಾರೆ.