ಸರ್ ಕೊಡ್ಸಿರೋ ಫೆಲೋಶಿಪ್

ಜೆಆರ್‌ಎಫ್ ಪಾಸಾಗಿ, ಅಂದರೆ ಪರೀಕ್ಷೆ ಬರೆದು ಸಂಶೋಧನೆಗೆ ತಿಂಗಳ ಫೆಲೋಶಿಪ್ ಹಣ ಪಡೆದು, ಪಿಎಚ್‌ಡಿಗೆ ಸೇರಿದವರಲ್ಲಿ ಮೊದಲ ವರ್ಷವೇ ಆಪ್ತಸಲಹೆಗೆ ನನ್ನ ಹತ್ತಿರ ಬರುವವರು ಜಾಸ್ತಿ. ನಿದ್ದೆ ಬರಲ್ಲ, ಊಟ ಸೇರಲ್ಲ ಅಂತ ಶುರು ಮಾಡುತ್ತಾರೆ. ಸ್ವಲ್ಪ ಕೆದಕಿದರೆ ಮಾತು ಫೆಲೋಶಿಪ್‌ಗೆ ಬಂದು ನಿಲ್ಲುತ್ತದೆ. ಅಂಥ ಒಬ್ಬಳ ವಿಷಯ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮನೆಯಲ್ಲಿ ಎಂಎ ಮುಗಿಸಿದ ಮೊದಲಿಗಳು ಅವಳೇ. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಅಪ್ಪ ಯಾವತ್ತೂ ಅಷ್ಟು ದುಡಿದವರಲ್ಲ. ಅವಳು ದೂರು ಹೇಳೋಕೆ ಬಂದಿರಲಿಲ್ಲ. ಲೈಬ್ರರಿಯಲ್ಲಿ ಕೂತರೆ ಒಂದು ಪುಟವೂ ತಲೆಗೆ ಹತ್ತುತ್ತಿಲ್ಲ ಅಂತ ಬಂದಿದ್ದಳು. ದಿನ ಹೇಗೆ ಹೋಗುತ್ತೆ ಅಂತ ಕೇಳಿದೆ. ಬೆಳಿಗ್ಗೆ ಗೈಡ್, ಅಂದರೆ ಪಿಎಚ್‌ಡಿ ಮಾರ್ಗದರ್ಶಕರ ಮಗನಿಗೆ ಪಾಠ, ಆಮೇಲೆ ಅವರ ಬ್ಯಾಂಕ್ ಕೆಲಸ, ಮಧ್ಯಾಹ್ನ ಅವರು ತರುವ ಉತ್ತರಪತ್ರಿಕೆಗಳ ಅಂಕ ಕೂಡುವುದು. ಓದು ರಾತ್ರಿ, ಅದೂ ಕಣ್ಣು ಎಳೆಯದಿದ್ದರೆ.

"ಇದೆಲ್ಲಾ ಯಾಕೆ ಮಾಡ್ತೀಯ?"

"ಫೆಲೋಶಿಪ್ ಸರ್ ಕೊಡ್ಸಿರೋದು ಅಲ್ವಾ ಮೇಡಂ."

ಅವಳು ಅದನ್ನು ನಂಬಿಯೇ ಹೇಳಿದ್ದಳು. ಮೊಬೈಲ್‌ನಲ್ಲಿ ಅವಾರ್ಡ್ ಲೆಟರ್ ಇದೆಯಾ ಅಂದೆ. ಇತ್ತು. ಗಟ್ಟಿಯಾಗಿ ಓದು ಅಂದೆ. ಅವಳ ಹೆಸರು, ರೋಲ್ ನಂಬರ್, ವಿಷಯ, ಬರೆದ ಪರೀಕ್ಷೆ. ತಾರೀಕು ನೋಡಿದರೆ ಅವಳು ಗೈಡ್ ಮುಖ ನೋಡುವುದಕ್ಕೂ ಮೊದಲಿನದು. "ಇದರಲ್ಲಿ ನಿಮ್ಮ ಸರ್ ಹೆಸರು ಎಲ್ಲಿದೆ?" ಮೇಲೆ ಕೆಳಗೆ ಬೆರಳಾಡಿಸಿದಳು. ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಆದ್ರೂ ತಿಂಗಳು ತಿಂಗಳು ಸೈನ್ ಅವರದ್ದೇ ಬೇಕಲ್ಲ ಮೇಡಂ. ಒಂದು ತಿಂಗಳು ಹಾಕ್ಲಿಲ್ಲ, ದುಡ್ಡು ಬರ್ಲೇ ಇಲ್ಲ."

ಇದಕ್ಕೆ ಏನು ಹೇಳುವುದು? ಅವಳು ಹೇಳಿದ್ದು ಸುಳ್ಳಲ್ಲ. ಹಣ ಕೊಡುವುದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ. ಆದರೆ ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಡೆಯಿಂದ ಪೋರ್ಟಲ್‌ನಲ್ಲಿ ಮೇಕರ್ (ವಿವರ ಹಾಕುವವರು) ತುಂಬಿ, ಚೆಕರ್ (ಅದನ್ನು ಪರಿಶೀಲಿಸುವವರು) ಒಪ್ಪಬೇಕು. ಅವರ ಕೈಗೆ ಕಾಗದ ತಲುಪಬೇಕಾದರೆ ಗೈಡ್ ಸಹಿ ಬೇಕು. ಸಹಿ ಹಾಕುವವರೇ ಹಣದ ಯಜಮಾನರು ಅಂತ ಅನ್ನಿಸುವುದು ಸಹಜ. ನಿನಗೆ ಆತ್ಮವಿಶ್ವಾಸ ಕಡಿಮೆ ಅಂತ ಹೇಳಿ ಕಳಿಸಿದ್ದರೆ ಅದು ಅನ್ಯಾಯವಾಗುತ್ತಿತ್ತು.

ಹಾಗಾಗಿ ಸಲಹೆ ಆ ಕಾಗದದಿಂದಲೇ ಶುರುವಾಯಿತು. ತಿಂಗಳ ಫಾರ್ಮನ್ನು ಆಫೀಸಿನ ಕೊನೇ ದಿನಕ್ಕಿಂತ ವಾರ ಮೊದಲೇ ಕೊಡು. ಜೊತೆಗೆ ಎರಡು ಸಾಲಿನ ಇಮೇಲ್ ಹಾಕು. ಆ ತಿಂಗಳು ಏನು ಓದಿದೆ, ಏನು ಬರೆದೆ ಅನ್ನುವುದು ಅದರಲ್ಲಿರಲಿ. ಸರ್ ಹೇಳುವ ಕೆಲಸಗಳನ್ನೆಲ್ಲ ಒಂದೇ ಸಲ ಬಿಡಬೇಡ, ಮೊದಲು ಬೆಳಗಿನ ಪಾಠ ನಿಲ್ಲಿಸು. "ಸರ್, ಬೆಳಿಗ್ಗೆ ಲೈಬ್ರರಿಗೆ ಹೋಗ್ತೀನಿ" ಅಂದರೆ ಸಾಕು, ಕಾರಣ ಹೇಳುತ್ತಾ ಹೋಗಬೇಡ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರಗತಿ ಹೇಳಬೇಕು. ಅದನ್ನು ಕಾಟಾಚಾರಕ್ಕೆ ಮುಗಿಸಬೇಡ, ನಿನ್ನ ಕೆಲಸ ಇನ್ನಿಬ್ಬರ ಕಣ್ಣಿಗೂ ಬೀಳಲಿ. ಎರಡು ವರ್ಷದ ನಂತರ ಎಸ್‌ಆರ್‌ಎಫ್ ಅನ್ನುವ ಮುಂದಿನ ಹಂತಕ್ಕೆ, ಅಂದರೆ ತಿಂಗಳಿಗೆ 42,000ಕ್ಕೆ, ಏರುವಾಗಲೂ ಪರಿಶೀಲಿಸುವುದು ಸಮಿತಿ. ಅದರಲ್ಲಿ ಹೊರಗಿನ ತಜ್ಞರೂ ಇರುತ್ತಾರೆ.

ದೂರು ಯಾಕೆ ಕೊಡಿಸಲಿಲ್ಲ ಅಂತ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ದೂರಿನ ದಾರಿ ಅವಳಿಗೆ ಹೇಳಿದ್ದೆ, ಯಾರಿಗೆ ಬರೆಯಬೇಕು ಅನ್ನುವುದನ್ನೂ. ಅವಳು ಬೇಡ ಅಂದಳು. ಇನ್ನೂ ನಾಲ್ಕು ವರ್ಷ ಅದೇ ಕಾರಿಡಾರಿನಲ್ಲಿ ಓಡಾಡಬೇಕಾದವಳು ಅವಳು, ನಾನಲ್ಲ. ಬೆದರಿಕೆಯೋ ಮೈಮುಟ್ಟುವುದೋ ಇದ್ದಿದ್ದರೆ ನನ್ನ ಮಾತು ಬೇರೆಯೇ ಇರುತ್ತಿತ್ತು.

ಬೆಳಗಿನ ಪಾಠ ನಿಂತಿದೆ. ಸರ್ ಮಾತೂ ಕಡಿಮೆಯಾಗಿದೆಯಂತೆ, ಅದು ಅವಳನ್ನು ಇನ್ನೂ ಚುಚ್ಚುತ್ತದೆ. ಸಹಿ ಮಾತ್ರ ಸರಿಯಾಗಿ ಬೀಳುತ್ತಿದೆ.

ಈ ವರ್ಷ ಸೇರುವವರು ಗೈಡ್ ಆರಿಸುವ ಮೊದಲು ಅವರ ಈಗಿನ ವಿದ್ಯಾರ್ಥಿಗಳನ್ನು ಹಾಸ್ಟೆಲಿನಲ್ಲೇ ಹೋಗಿ ಮಾತಾಡಿಸಿ. ತಿಂಗಳ ಫಾರ್ಮ್ ಎಷ್ಟು ದಿನಕ್ಕೆ ವಾಪಸ್ ಬರುತ್ತೆ ಅಂತ ಕೇಳಿ. ಮೊದಲ ಕಂತು ಕೈಗೆ ಬರೋಕೆ ತಿಂಗಳುಗಟ್ಟಲೆ ಹಿಡಿಯಬಹುದು. ಆಮೇಲೆ ಬಾಕಿ ಒಟ್ಟಿಗೆ ಬರುತ್ತೆ. ಅಲ್ಲಿಯವರೆಗೆ ಮನೆಗೆ ಹಣ ಕಳಿಸ್ತೀನಿ ಅಂತ ಮಾತು ಕೊಡಬೇಡಿ.